ಸಿಪ್ಪೆ ತಾಯಿಯದು

ಏಪ್ರಿಲ್ 11

ಚಿಕ್ಕಮ್ಮ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹೊಲಿಗೆ ಪೆಟ್ಟಿಗೆಯ ತಳದಲ್ಲಿ, ಗುಂಡಿ ಡಬ್ಬಿಯ ಕೆಳಗೆ ಇಡುತ್ತೇನೆ. ಆದರೆ ಬರೆಯಬೇಕು ಎಂದರೆ ನಿನ್ನನ್ನು ಬಿಟ್ಟು ಬೇರೆ ಯಾರಿಗೂ ಬರೆದು ನನಗೆ ಅಭ್ಯಾಸವಿಲ್ಲ.

ಮಗು ಹೋಯಿತು. ಬರುತ್ತಿದೆ ಎಂದೇ ನಿನಗೆ ತಿಳಿಸಿರಲಿಲ್ಲ, ಇನ್ನು ಹೋದದ್ದನ್ನು ಯಾವ ಬಾಯಲ್ಲಿ ತಿಳಿಸಲಿ? ಹೆಣ್ಣು. ಏಳು ತಿಂಗಳು ತುಂಬಿತ್ತು. ಹೊಟ್ಟೆಯೊಳಗೇ ಎದೆಬಡಿತ ನಿಂತಿತ್ತು.

ಬೇಕೆಂದೇ ಮುಚ್ಚಿಟ್ಟಿದ್ದೆ. ಸೆಪ್ಟೆಂಬರ್ ಕೊನೆಗೆ ಬೀಜ ಪರೀಕ್ಷೆಯ ಕೆಲಸದಿಂದ ನಿನ್ನ ನಿವೃತ್ತಿ. ಅವತ್ತು ನೀನು ಕೊನೆಯ ತಟ್ಟೆಯ ಮೊಳಕೆಗಳನ್ನು ಎಣಿಸಿ, ಕನ್ನಡಕ ತೆಗೆದು, ಸೊಂಟ ಹಿಡಿದುಕೊಂಡು ಏಳುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತಿರಬೇಕು, "ಚಿಕ್ಕಮ್ಮಾ, ಇದೊಂದು ಎಣಿಸೋದು ಬಾಕಿ ಇದೆ ನೋಡು" ಅಂತ ಮಗುವನ್ನು ನಿನ್ನ ಕೈಗೆ ಕೊಡಬೇಕು ಎಂದುಕೊಂಡಿದ್ದೆ. ಇವರಿಗೂ ಹೇಳಿ ಬಾಯಿ ಕಟ್ಟಿಸಿದ್ದೆ. ಹುಚ್ಚು ಆಸೆ.

ಡಾಕ್ಟರು ಒಳ್ಳೆಯವರು, ಹೆಂಗಸು. ಹಾಸಿಗೆಯ ಪಕ್ಕ ಕೂತು ಹೇಳಿದರು. "ಮಗೂದು ಏನೂ ದೋಷ ಇರಲಿಲ್ಲಮ್ಮ. ಮಾಸು ಸರಿಯಾಗಿ ಕೆಲಸ ಮಾಡಲಿಲ್ಲ, ಮಗೂಗೆ ಬೇಕಾದ್ದು ಹೋಗಲಿಲ್ಲ. ವಾರ ಹತ್ತು ದಿನ ಮುಂಚೆ ಗೊತ್ತಾಗಿ ಹೊರಗೆ ತೆಗೆದಿದ್ದರೆ ಉಳೀತಿತ್ತೋ ಏನೋ."

ಆ ಹತ್ತು ದಿನ ನಾನು ಏನು ಮಾಡುತ್ತಿದ್ದೆ ಗೊತ್ತೇ? ಕೋಟುಗಳಿಗೆ ಅಸ್ತರು ಹೊಲಿಯುತ್ತಿದ್ದೆ. ಅಂಗಡಿಯಲ್ಲಿ ಒಂದು ದೊಡ್ಡ ಆರ್ಡರು. ಮಗು ಅಲುಗುವುದು ಕಡಿಮೆಯಾಗಿದೆ ಎಂದು ನನಗೆ ಗೊತ್ತಿತ್ತು. ನಿದ್ದೆ ಮಾಡುತ್ತಿದೆ, ಮಾಡಲಿ ಬಿಡು ಅಂದುಕೊಂಡೆ.

ನಿನಗೆ ತಿಳಿಸಿದರೆ ಮುಂದಿನ ಬಸ್ಸಿಗೇ ಬರುತ್ತೀಯ. ಬಂದು ಚೀಲ ಇಡುವ ಮೊದಲೇ "ಯಾಕೆ ಹೀಗಾಯ್ತು?" ಎನ್ನುತ್ತೀಯ. ನಿನ್ನ ಕೆಲಸವೇ ಅದಲ್ಲವೇ, ಯಾಕೆ ಮೊಳೆಯಲಿಲ್ಲ ಎಂದು ಹುಡುಕುವುದು. ಅದಕ್ಕೆ ನನ್ನ ಹತ್ತಿರ ಇರುವುದು ಒಂದೇ ಉತ್ತರ. ಅದನ್ನು ನಿನ್ನ ಮುಖ ನೋಡಿಕೊಂಡು ಹೇಳಲಾರೆ.

ನಿನ್ನ
ಸಾಸಿವೆ

*

ಮೇ 16

ಪ್ರೀತಿಯ ಚಿಕ್ಕಮ್ಮ,

ನಾನು ಚೆನ್ನಾಗಿದ್ದೇನೆ. ನಡುವೆ ಸ್ವಲ್ಪ ಮೈ ಸರಿಯಿರಲಿಲ್ಲ, ರಜೆ ಹಾಕಿದ್ದೆ, ಈಗ ಅಂಗಡಿಗೆ ಹೋಗುತ್ತಿದ್ದೇನೆ. ಇವರು ಎಂದಿನಂತೆ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿಕೊಂಡು ಮೇಲೆ ಕೆಳಗೆ ಓಡಾಡುತ್ತಿದ್ದಾರೆ. ನಮ್ಮ ಕಟ್ಟಡದ ಲಿಫ್ಟು ಮಾತ್ರ ಕೆಟ್ಟು ತಿಂಗಳಾಯಿತು. ಕೇಳಿದರೆ "ಮನೇಲೂ ಕೆಲಸ ಮಾಡಿಸ್ತೀಯಾ?" ಅನ್ನುತ್ತಾರೆ.

ಒಂದು ವಿಷಯ ಕೇಳಬೇಕಿತ್ತು. ಫೋನಿನಲ್ಲಿ ನಿನಗೆ ಕಿವಿ ಕೇಳಿಸುವಂತಿದ್ದರೆ ಅಲ್ಲೇ ಕೇಳುತ್ತಿದ್ದೆ. ಹೋದ ಸಲ ಬಂದಾಗ ನಿನ್ನ ಆಫೀಸಿನ ಬಾಗಿಲ ಪಕ್ಕದ ಕಾಡುಸೇಬಿನ ಮರದ ಬೀಜಗಳನ್ನು ಪೊಟ್ಟಣ ಕಟ್ಟಿ ಕೊಟ್ಟಿದ್ದೆಯಲ್ಲ, ರಜೆಯಲ್ಲಿದ್ದಾಗ ಅವನ್ನು ಕುಂಡದಲ್ಲಿ ಹಾಕಿದೆ. ಇಪ್ಪತ್ತು ಬೀಜ. ಕಿಟಕಿಯ ಹತ್ತಿರವೇ ಇಟ್ಟಿದ್ದೇನೆ, ದಿನಾ ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತೇನೆ. ತಿಂಗಳ ಮೇಲಾಯಿತು. ಒಂದೂ ಬಂದಿಲ್ಲ. ಒಂದಾದರೂ ಬಂದಿದ್ದರೆ ಸಾಕಿತ್ತು.

ತಪ್ಪು ಬೀಜದ್ದೋ, ನನ್ನ ಕೈದೋ? ನೀನೇ ಹೇಳಬೇಕು.

ನಿನ್ನ
ಸಾಸಿವೆ

*

ಮೇ 24

ಚಿರಂಜೀವಿ ಸಾಸಿವೆಗೆ,

ಅಬ್ಬ! ಮೂವತ್ತನಾಲ್ಕು ವರ್ಷ ಬೀಜ ಪರೀಕ್ಷೆಯ ಕೋಣೆಯಲ್ಲಿ ಕೂತು ಬೆನ್ನು ಬಾಗಿಸಿದೆ. ಮನೆಯವರಲ್ಲಿ ಒಬ್ಬರಾದರೂ ನನ್ನ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿದರಲ್ಲ! ಕಾಗದ ಓದಿ ಗುಮಾಸ್ತರಿಗೂ ತೋರಿಸಿದೆ. "ನಿಮ್ಮ ಮಗಳು ಕಡೆಗೂ ದಾರಿಗೆ ಬಂದಳು ಬಿಡಿ" ಅಂದರು. ಮೂರು ದಿನದ ಕೂಸಾಗಿದ್ದಾಗ ಎತ್ತಿಕೊಂಡು ಬಂದವಳು ನೀನು, ಇಲ್ಲಿ ಯಾರೂ ನಿನ್ನನ್ನು ನನ್ನ ಅಕ್ಕನ ಮಗಳು ಎನ್ನುವುದೇ ಇಲ್ಲ.

ಈಗ ಪಾಠ. ಬೀಜ ಸತ್ತಿಲ್ಲ. ಆ ಮರದ ಬೀಜಗಳನ್ನು ನಾನೇ ಎಷ್ಟೋ ಸಲ ಪರೀಕ್ಷಿಸಿದ್ದೇನೆ. ಒಳಗಿನ ಸಸಿ ಕಲ್ಲುಗುಂಡಿನಂತೆ ಗಟ್ಟಿಯಾಗಿರುತ್ತದೆ. (ನಾವು ಇಲ್ಲಿ ಅದನ್ನು ಕೂಸು ಎಂದೇ ಕರೆಯುವುದು. ಹೊಸ ಸಾಹೇಬರಿಗೆ ಅದು ಇಷ್ಟವಿಲ್ಲ.) ಕೂಸು ನಿದ್ದೆಯಲ್ಲಿದೆ ಅಷ್ಟೆ. ಹಾಗಾದರೆ ಏಳದಂತೆ ಮಾಡಿದವರು ಯಾರು? ಸುತ್ತ ಇರುವವರು.

ಬೀಜದ ಮೇಲಿನ ಕಂದು ಸಿಪ್ಪೆ ಇದೆಯಲ್ಲ, ಅದು ಕೂಸಿನದಲ್ಲ. ಅದು ಪೂರ್ತಿ ತಾಯಿಮರದ ಮೈ. ಅದರ ಕೆಳಗೆ ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ಇನ್ನೊಂದು ಪದರ. ಅದು ಕೂಸಿಗೆ ಊಟ ಕೊಡಲು ಹುಟ್ಟಿದ್ದು. ಅದರಲ್ಲೂ ತಾಯಿಯದು ಎರಡು ಪಾಲು, ತಂದೆಯದು ಒಂದೇ. ಇವೆರಡೂ ಸೇರಿ ಕೂಸನ್ನು ಸುತ್ತಿ ಹಿಡಿದು, ಗಾಳಿಯನ್ನೂ ಸರಿಯಾಗಿ ಒಳಗೆ ಬಿಡದೆ ಕೂರಿಸುತ್ತವೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಇಲ್ಲಿ ಮುದ್ದು ಹೆಚ್ಚಾಗಿ ಕತ್ತು ಹಿಸುಕುವ ಮಟ್ಟಕ್ಕೆ ಬಂದಿದೆ! ಆದ್ದರಿಂದ ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ತಪ್ಪು ಕೂಸಿನದಲ್ಲ, ನಿನ್ನ ಕೈದೂ ಅಲ್ಲ. ಎಲ್ಲ ಆ ತಾಯಿಯದು.

ಮದ್ದು ಸುಲಭ. ಬೀಜಗಳನ್ನು ಕುಂಡದಿಂದ ತೆಗೆದು, ಒದ್ದೆ ಮರಳಿನ ಜೊತೆ ಡಬ್ಬಿಯಲ್ಲಿ ಹಾಕಿ, ಫ್ರಿಜ್ಜಿನಲ್ಲಿ ಮೂರು ತಿಂಗಳು ಇಡು. ಸಿಪ್ಪೆ ತಾನೇ ಸಡಿಲಾಗಿ ದಾರಿ ಬಿಡುತ್ತದೆ. ನಿನಗೆ ಅಷ್ಟು ತಾಳ್ಮೆ ಎಲ್ಲಿದೆ? ಬಿಸಿ ಎಣ್ಣೆಗೆ ಬಿದ್ದವಳ ಹಾಗೆ ಸಿಡಿಯುತ್ತೀಯೆಂದೇ ಸಾಸಿವೆ ಅಂತ ಕರೆದದ್ದು.

ಅಳಿಯಂದಿರಿಗೆ ಹೇಳು, ಮೊದಲು ಮನೆಯ ಲಿಫ್ಟು, ಆಮೇಲೆ ಊರಿನದು.

ನಿನ್ನ
ಚಿಕ್ಕಮ್ಮ

*

ಜೂನ್ 2

ಚಿಕ್ಕಮ್ಮ,

ಕಾಗದ ಬಂತು. ಎರಡು ಸಲ ಓದಿದೆ.

ಒಳಗಿನದರ ತಪ್ಪು ಏನೂ ಇಲ್ಲ, ಎಲ್ಲ ಸುತ್ತ ಇರುವ ತಾಯಿಯದೇ ಎಂದು ನಿನಗೆ ಖಂಡಿತವಾಗಿ ಗೊತ್ತೇ? ಮುಂಚೆಯೇ ಹೊರಗೆ ತೆಗೆದಿದ್ದರೆ ಬದುಕುತ್ತಿತ್ತೇ?

ಸುಮ್ಮನೆ ಕೇಳುತ್ತಿದ್ದೇನೆ. ಇಲ್ಲಿ ಎಲ್ಲ ಚೆನ್ನಾಗಿದೆ.

ಸಾಸಿವೆ

*

ಜೂನ್ 12

ಚಿರಂಜೀವಿ ಸಾಸಿವೆಗೆ,

ಎರಡೇ ಸಾಲಿನ ಕಾಗದವಾದರೂ ಪ್ರಶ್ನೆ ಎಂದರೆ ಅದು ಪ್ರಶ್ನೆ! ಕಾಲೇಜಿನಿಂದ ತರಬೇತಿಗೆ ಬರುವ ಹುಡುಗಿಯರು ತಿಂಗಳುಗಟ್ಟಲೆ ಕೂತರೂ ಇದನ್ನು ಕೇಳುವುದಿಲ್ಲ. ನಿನ್ನ ಮಾತು ಓದಿ ನನಗೆ ಕೈ ಕಟ್ಟಿ ಕೂರಲಾಗಲಿಲ್ಲ. ಅದೇ ಮರದ ಬೀಜ ತಂದೆ. ಒಂದು ದಿನ ನೀರಿನಲ್ಲಿ ನೆನೆಹಾಕಿದೆ. ಹತ್ತನ್ನು ಹಾಗೇ ಬಿಟ್ಟೆ. ಇನ್ನು ಹತ್ತರ ಸಿಪ್ಪೆಯನ್ನೂ ಒಳಪೊರೆಯನ್ನೂ ಬ್ಲೇಡು ಚಿಮಟದಿಂದ ಸುಲಿದು, ಬರೀ ಕೂಸನ್ನು ಒದ್ದೆ ಕಾಗದದ ಮೇಲೆ ಮಲಗಿಸಿ, ಗಾಜಿನ ಮುಚ್ಚಳ ಹಾಕಿ, ಬೆಚ್ಚನೆಯ ಕಪಾಟಿನಲ್ಲಿ ಇಟ್ಟೆ.

ಐದನೇ ದಿನ ತೆಗೆದು ನೋಡುತ್ತೇನೆ, ಹತ್ತರಲ್ಲಿ ಎಂಟು ಹಸಿರಾಗಿವೆ! ಬಿಳಿ ಬೇರು ಇಣುಕುತ್ತಿದೆ. ಸಿಪ್ಪೆ ಇದ್ದವು? ಸೊನ್ನೆ. ಹಾಗೆಯೇ ಮುಖ ಗಂಟಿಕ್ಕಿಕೊಂಡು ಕೂತಿವೆ.

ಆದ್ದರಿಂದ ಖಂಡಿತವಾಗಿ ಬರೆಯುತ್ತಿದ್ದೇನೆ. ಹೌದು, ಬದುಕುತ್ತಿತ್ತು. ಹೊರಗೆ ತೆಗೆಯುವ ಕೈ ಒಂದು ಬೇಕಿತ್ತು ಅಷ್ಟೆ. ಪಾಪ, ನಿನ್ನ ಕುಂಡದ ಕೂಸುಗಳು ಅಮ್ಮನ ಹಿಡಿತದಲ್ಲಿ ಉಸಿರು ಕಟ್ಟಿ ಎಷ್ಟು ದಿನದಿಂದ ಕೂತಿವೆಯೋ. ಮರಳಿನ ಡಬ್ಬಿಗೆ ಹಾಕಿದೆಯಾ? ಬರೆ.

ಸೆಪ್ಟೆಂಬರ್ ಮೂವತ್ತು ನನ್ನ ಕೊನೆಯ ದಿನ. ನೀನು ಬರಲೇಬೇಕು. ಎರಡು ಮಾತು ಆಡಿ ಅಂದಿದ್ದಾರೆ, ನನಗೆ ನಾಲ್ಕು ಜನರ ಮುಂದೆ ನಾಲಿಗೆ ಏಳುವುದಿಲ್ಲ. ನೀನು ಎದುರಿಗೆ ಕೂತಿದ್ದರೆ ನಿನ್ನ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡು ಆಡಿಬಿಡುತ್ತೇನೆ.

ನಿನ್ನ
ಚಿಕ್ಕಮ್ಮ

*

ಜುಲೈ 17

ಸಾಸಿವೆ,

ಒಂದು ತಿಂಗಳ ಮೇಲಾಯಿತು. ಪ್ರಶ್ನೆ ಕೇಳಿ ಓಡಿಹೋಗುವುದು ಯಾವ ನ್ಯಾಯ? ನನ್ನ ಎಂಟು ಮೊಳಕೆಗೆ ಒಂದು ಭೇಷ್ ಕೂಡ ಇಲ್ಲವೇ? ಅಥವಾ ನನ್ನ ಕಾಗದ ಕೈ ಸೇರಿಲ್ಲವೇ? ನಾಲ್ಕು ಸಾಲು ಗೀಚು. ಇಲ್ಲದಿದ್ದರೆ ಅಳಿಯಂದಿರಿಗೆ ದೂರು ಬರೆಯುತ್ತೇನೆ.

ಚಿಕ್ಕಮ್ಮ

*

ಜುಲೈ 29

ಚಿಕ್ಕಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಎರಡೂ ಕಾಗದಗಳು ತಲುಪಿವೆ. ಕೆಲಸ ಜಾಸ್ತಿ ಇದ್ದುದರಿಂದ ಬರೆಯಲಾಗಲಿಲ್ಲ. ಸೆಪ್ಟೆಂಬರಿನಲ್ಲಿ ರಜೆ ಸಿಗುವುದು ಕಷ್ಟ. ದಯವಿಟ್ಟು ನನಗಾಗಿ ಕಾಯಬೇಡಿ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

*

ಆಗಸ್ಟ್ 14

ಚಿರಂಜೀವಿ ಸಾಸಿವೆಗೆ,

"ನಿಮ್ಮ", "ಕಾಯಬೇಡಿ", "ನೋಡಿಕೊಳ್ಳಿ"! ಯಾವಾಗಿನಿಂದ ಮರ್ಯಾದೆ ಕಲಿತೆ? ಮೊದಲು ಸಿಟ್ಟು ಬಂತು. ಅತ್ತೆ ಮನೆಯವರು ಪಕ್ಕ ಕೂತು ಬರೆಸಿದರೇನೋ ಅಂದುಕೊಂಡೆ. ಆಮೇಲೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ವಸಂತದಲ್ಲಿ ಮೈ ಸರಿಯಿಲ್ಲ, ರಜೆ. ಕಿಟಕಿಯಲ್ಲಿ ಮೊಳಕೆ ನೋಡುವ ಆಸೆ. ಕೂಸು, ತಾಯಿ, ಹೊರಗೆ ತೆಗೆಯುವುದು ಎಂದು ಪ್ರಶ್ನೆ. ಈಗ ಪ್ರಯಾಣ ಬೇಡ, ಮಾತು ಕಡಿಮೆ.

ಕಳ್ಳಿ! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲವೇ? ಎಷ್ಟು ತಿಂಗಳು? ಕೈಗೆ ಬರುವವರೆಗೆ ಬಾಯಿ ಬಿಡಬಾರದು ಎಂದಿದ್ದರೆ ಬಿಡಬೇಡ, ನಾನು ಕೇಳುವುದಿಲ್ಲ. ನನಗೆ ಗೊತ್ತಿಲ್ಲದ ಹಾಗೇ ಇರುತ್ತೇನೆ. ಆದರೆ ಕೈ ಸುಮ್ಮನಿರಬೇಕಲ್ಲ. ಹಳೆಯ ಮೆತ್ತನೆ ಹತ್ತಿ ಸೀರೆ ಹರಿದು ನಾಲ್ಕು ಪುಟ್ಟ ಅಂಗಿ ಹೊಲಿದಿದ್ದೇನೆ. ಪಾರ್ಸೆಲಿನಲ್ಲಿ ಬರುತ್ತವೆ. ತೋಳು ಒಂದು ಉದ್ದ ಒಂದು ಗಿಡ್ಡ. ನೀನು ಹೊಲಿಗೆಯವಳು, ನೋಡಿ ನಗಬೇಡ.

ನಿನ್ನ
ಚಿಕ್ಕಮ್ಮ

*

ಆಗಸ್ಟ್ 25

ಚಿಕ್ಕಮ್ಮನವರಿಗೆ,

ಪಾರ್ಸೆಲ್ ಬಂತು. ಇವರು ಬಿಚ್ಚಿದರು. ಬಿಚ್ಚಿದವರು ಅಂಗಿಗಳನ್ನು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು. ಆಸ್ಪತ್ರೆಯಲ್ಲೂ ಅಳದಿದ್ದ ಮನುಷ್ಯ.

ಈ ಕಾಗದದ ಜೊತೆ ಇನ್ನೊಂದು ಇದೆ. ಏಪ್ರಿಲ್‌ನಲ್ಲಿ ಬರೆದದ್ದು. ಅದನ್ನು ಮೊದಲು ಓದಿ, ಆಮೇಲೆ ಇದನ್ನು.

ಓದಿದಿರಾ? ಈಗ ನಿಮ್ಮ ಮೇ ತಿಂಗಳ, ಜೂನ್ ತಿಂಗಳ ಕಾಗದಗಳಲ್ಲಿ ಏನು ಬರೆದಿದ್ದಿರಿ ನೆನಪು ಮಾಡಿಕೊಳ್ಳಿ. ನನಗೆ ಬಾಯಿಪಾಠ ಬರುತ್ತದೆ. ಮಷೀನು ತುಳಿಯುವಾಗ ಅದೇ ತಾಳಕ್ಕೆ ಬರುತ್ತದೆ. ತಪ್ಪು ಕೂಸಿನದಲ್ಲ. ಎಲ್ಲ ಆ ತಾಯಿಯದು. ಹೊರಗೆ ತೆಗೆಯುವ ಕೈ ಒಂದು ಬೇಕಿತ್ತು.

ನಿಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿದೆ. ಅದಕ್ಕೇ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿಲ್ಲ. ಬೇಕೆಂದು ಚುಚ್ಚಿದ್ದರೆ ಬೈದು ಮುಗಿಸುತ್ತಿದ್ದೆ. ನೀವು ನಗುನಗುತ್ತಾ, ಗಾಜಿನ ಮುಚ್ಚಳ ಹಾಕಿ, ಎಣಿಸಿ, ಸಾಬೀತು ಮಾಡಿ ಕಳಿಸಿದಿರಿ. ಡಾಕ್ಟರು "ಏನೋ" ಅಂದಿದ್ದರು. ನೀವು "ಖಂಡಿತ" ಅಂದಿರಿ.

ಇಲ್ಲಿ ಎಲ್ಲರೂ ಹೇಳುವುದು ಒಂದೇ. "ನಿನ್ನ ತಪ್ಪಲ್ಲ, ನಿನ್ನ ತಪ್ಪಲ್ಲ." ಇವರು, ನಮ್ಮ ಅತ್ತೆ, ಅಂಗಡಿಯ ಹೆಂಗಸರು. ಅವರು ಏನು ಕೇಳಿದರೂ ಹಾಗೇ ಅನ್ನುವವರು. ನನ್ನ ಅಡುಗೆ ಸೀದರೂ ಚೆನ್ನಾಗಿದೆ ಅನ್ನುತ್ತಾರೆ. ನೀವು ಮಾತ್ರ ತಟ್ಟೆಯಲ್ಲಿ ಇಲ್ಲದ ಒಂದು ಮೊಳಕೆಯನ್ನು ಪರೀಕ್ಷೆಯ ಚೀಟಿಯಲ್ಲಿ ಬರೆದವರಲ್ಲ. ದೊಡ್ಡ ಸಾಹೇಬರು ಹೇಳಿದರೂ ಬರೆಯಲಿಲ್ಲ, ಅದಕ್ಕೆ ಬಡ್ತಿ ಹೋಯಿತು. ನಾನು ನೋಡಿದ್ದೇನೆ.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ನನ್ನ ಮಗು ಹೋದದ್ದು ನನ್ನಿಂದಲೇ? ಹೌದೋ ಅಲ್ಲವೋ?

ಬರಬೇಡಿ. ಬರೆಯಿರಿ.

ಬೀಜದ ಕುಂಡವನ್ನು ಕೆಳಗಿನ ಮನೆಯವರಿಗೆ ಕೊಟ್ಟಿದ್ದೇನೆ. ಅವರು ಪುದೀನ ಹಾಕಿದ್ದಾರೆ.

*

ಸೆಪ್ಟೆಂಬರ್ 4

ನನ್ನ ಸಾಸಿವೆ,

ಚೀಲ ಅಟ್ಟದಿಂದ ಇಳಿಸಿದೆ. ಮತ್ತೆ ಮೇಲಿಟ್ಟೆ. ನೀನು ಬೇಡ ಅಂದದ್ದಕ್ಕಲ್ಲ. ಬಂದು ನಿನ್ನ ಮುಖ ನೋಡಿದರೆ ನಾನೂ "ನಿನ್ನ ತಪ್ಪಲ್ಲ" ಅಂದುಬಿಡುತ್ತೇನೆ. ಕಾಗದದ ಮೇಲೆ ನನಗೆ ಸುಳ್ಳು ಬರೆಯಲು ಬರುವುದಿಲ್ಲ, ಅದು ನಿನಗೂ ಗೊತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದು ಐದನೇ ಹಾಳೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರೆದ ಮಾತು ಇನ್ನೂ ಕಷ್ಟ, ಅದು ನಿನ್ನ ಹತ್ತಿರವೇ ಉಳಿದುಬಿಟ್ಟಿದೆ. ಆದ್ದರಿಂದ ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಜೂನ್ ತಿಂಗಳಲ್ಲಿ ನಿನಗೆ ಬರೆದದ್ದು ಪೂರ್ತಿ ನಿಜವಲ್ಲ. ಐದನೇ ದಿನ ಎಂಟು ಮೊಳೆತದ್ದು ನಿಜ. ಕಥೆಯನ್ನು ಅಲ್ಲಿಗೇ ನಿಲ್ಲಿಸಿದೆ. ಅಲ್ಲಿಗೆ ನಿಲ್ಲಿಸಿದರೆ ನಾನು ಜಾಣೆಯಾಗಿ ಕಾಣುತ್ತಿದ್ದೆ. ಆ ಎಂಟನ್ನೂ ಮಣ್ಣಿಗೆ ಹಾಕಿದ್ದೆ. ತಿಂಗಳು ಕಳೆದರೂ ಬೆರಳಿನ ಒಂದು ಗೆಣ್ಣಿಗಿಂತ ಮೇಲೆ ಏಳಲಿಲ್ಲ. ಎಲೆ ಮುರುಟಿಕೊಂಡು, ಒಂದರ ಮೇಲೊಂದು ಒತ್ತಿಕೊಂಡು, ಕುಳ್ಳಾಗಿಯೇ ನಿಂತವು. ಆರು ಸತ್ತವು. ಹೀಗಾಗುತ್ತದೆ ಎಂದು ನನಗೆ ಸುಲಿಯುವ ಮೊದಲೇ ಗೊತ್ತಿತ್ತು. ಸಿಪ್ಪೆಯೊಳಗೆ, ತಂಪಿನಲ್ಲಿ, ಕಳೆಯಬೇಕಾದ ದಿನ ಕಳೆಯದೆ ಹೊರಗೆ ಬಂದವು ಸಾಮಾನ್ಯವಾಗಿ ಹೀಗೇ. ಆ ಸಿಪ್ಪೆ ಕತ್ತು ಹಿಸುಕುವುದೂ ಇಲ್ಲ. ಚಳಿಗೆ ಮುಂಚೆ ಎದ್ದು ಸಾಯದಿರಲಿ ಎಂದು ಹಿಡಿದುಕೊಂಡಿರುತ್ತದೆ. ನಗಿಸಲು ಬರೆದೆ. ಮೂವತ್ತನಾಲ್ಕು ವರ್ಷದಲ್ಲಿ ನಾನು ಕೊಟ್ಟ ಒಂದೇ ಸುಳ್ಳು ಚೀಟಿ ನಿನಗೆ ಬಂತು.

ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಬೀಜದ ಮಾತು ಬೀಜಕ್ಕೇ ಇರಲಿ. ನಿನ್ನ ಮಗು ನನ್ನ ತಟ್ಟೆಯಲ್ಲಿರಲಿಲ್ಲ.

ಈಗ ನೀನು ಕೇಳಿದ್ದು. "ಅಲ್ಲ" ಎಂದು ನಾಲ್ಕು ಹಾಳೆಯಲ್ಲಿ ಬರೆದು ಹರಿದೆ. "ಹೌದು" ಎಂದು ಬರೆಯಲು ಕೈ ಏಳಲಿಲ್ಲ, ಪ್ರೀತಿಗಲ್ಲ, ಅದೂ ನಿಜವಲ್ಲ ಎಂಬ ಕಾರಣಕ್ಕೆ. ಆ ವಾರ ನೀನು ಆಸ್ಪತ್ರೆಗೆ ಹೋಗಿದ್ದರೆ ಅವರಿಗೆ ಗೊತ್ತಾಗುತ್ತಿತ್ತೋ, ಇಲ್ಲ "ಎಲ್ಲ ಸರಿ ಇದೆ" ಎಂದು ಮನೆಗೆ ಕಳಿಸುತ್ತಿದ್ದರೋ? ಹೊರಗೆ ತೆಗೆದಿದ್ದರೆ ಉಳಿಯುತ್ತಿತ್ತೋ, ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಹೋಗುತ್ತಿತ್ತೋ? ಮಗು ಅಲುಗುವುದು ಕಡಿಮೆಯಾದಾಗ ನೀನು ಆಸ್ಪತ್ರೆಗೆ ಹೋಗಿದ್ದರೆ ಚೆನ್ನಾಗಿತ್ತು. ಅದನ್ನು ಅಲ್ಲ ಎನ್ನಲಾರೆ, ಅಂದರೆ ನೀನು ನನ್ನ ಉಳಿದ ಮಾತನ್ನೂ ನಂಬುವುದಿಲ್ಲ. ಆದರೆ ಹೋಗಿದ್ದರೆ ಬದುಕುತ್ತಿತ್ತು ಎಂದೂ ನಾನು ಬರೆಯಲಾರೆ. ನಮ್ಮ ಚೀಟಿಯಲ್ಲಿ ಕೊನೆಗೆ ಒಂದು ಸಾಲು ಇದೆ, "ಕಾರಣ ತಿಳಿಯದು" ಎಂದು. ಹೊಸಬರು ಅಲ್ಲಿ ಗುರುತು ಹಾಕಲು ನಾಚುತ್ತಾರೆ, ತಮಗೆ ಕೆಲಸ ಬರುವುದಿಲ್ಲ ಅಂದುಕೊಂಡಾರು ಎಂದು. ನನ್ನ ಉತ್ತರ ಆ ಸಾಲಿನಲ್ಲಿದೆ. ಗೊತ್ತಿಲ್ಲ, ಸಾಸಿವೆ. ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಿದೆ ಎಂದು ನೀನು ಒಬ್ಬಳೇ ಕೂತು ತೀರ್ಪು ಬರೆದುಕೊಂಡಿದ್ದೀಯ.

ಇನ್ನೊಂದು ಮಾತು. ನಿನ್ನಿಂದ ಮುಚ್ಚಿಟ್ಟದ್ದು. ನಿನ್ನ ಅಮ್ಮ ನೀನು ಹುಟ್ಟಿದ ಮೂರನೇ ದಿನ ಹೋದಳಲ್ಲ, ಆಗ ಬಂದ ನೆಂಟರು ತೊಟ್ಟಿಲು ನೋಡಿ "ತಾಯೀನ ನುಂಗ್ಕೊಂಡು ಹುಟ್ಟಿದ್ದು" ಅಂದರು. ನಿನ್ನ ತಾತ, ನನ್ನ ಅಪ್ಪ, ಅವರೂ ಅಂದರು. ಅವತ್ತೇ ನಿನ್ನನ್ನು ಸುತ್ತಿಕೊಂಡು ಹೊರಟೆ. ಅಪ್ಪನ ಜೊತೆ ಒಂಬತ್ತು ವರ್ಷ ಮಾತು ಬಿಟ್ಟೆ. ಆ ಮಾತು ನಿನ್ನ ಕಿವಿಗೆ ಬೀಳಬಾರದು ಎಂದು ಯಾವ ಮದುವೆಗೂ ನಿನ್ನನ್ನು ಕರೆದುಕೊಂಡು ಹೋಗಲಿಲ್ಲ. ನಿನಗೆ ನೆಂಟರಿಲ್ಲ ಎಂದು ಎಷ್ಟು ಸಲ ಅತ್ತಿದ್ದೀಯ. ನಿನ್ನಿಂದ ನಿನ್ನ ತಾಯಿ ಸತ್ತಳು ಎಂದು ಯಾರೂ ಹೇಳದ ಹಾಗೆ ಮೂವತ್ತು ವರ್ಷ ಬಾಗಿಲು ಕಾದೆ. ಕಡೆಗೆ ನಿನ್ನಿಂದ ನಿನ್ನ ಮಗು ಸತ್ತಿತು ಎಂದು ನಾನೇ ಬರೆದು, ಅಂಚೆಗೆ ಹಾಕಿ, ಉತ್ತರ ಬರಲಿಲ್ಲ ಎಂದು ಸಿಟ್ಟು ಮಾಡಿಕೊಂಡೆ. ಇದಕ್ಕೆ ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ಸುಲಭವಾಗುತ್ತದೆ.

ಒಂದನ್ನು ಮಾತ್ರ ಕೇಳುತ್ತೇನೆ. ಅವಳು ನನ್ನ ಮೊಮ್ಮಗಳು. ಐದು ತಿಂಗಳಾಯಿತು, ನನಗೆ ನಿನ್ನೆ ಗೊತ್ತಾಯಿತು. ಯಾಕೆ ಹೋದಳು ಎಂದು ಕೇಳುವುದಿಲ್ಲ. ಹೇಗಿದ್ದಳು? ನೀನು ಇಷ್ಟು ಬರೆದಿದ್ದೀಯ, ಅದೊಂದನ್ನು ಎಲ್ಲೂ ಬರೆದಿಲ್ಲ.

ಚಿಕ್ಕಮ್ಮ

*

ಸೆಪ್ಟೆಂಬರ್ 16

ಚಿಕ್ಕಮ್ಮ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಗೊತ್ತಿಲ್ಲ ಅಂತ ಬರೆದದ್ದಕ್ಕೆ ಮೊದಲ ದಿನ ಕಾಗದವನ್ನು ಮುದುರಿ ಎಸೆದೆ. ಇವರು ಎತ್ತಿ ಇಸ್ತ್ರಿ ಮಾಡಿ ಇಟ್ಟರು, ನಿಜವಾಗಿ ಇಸ್ತ್ರಿ ಪೆಟ್ಟಿಗೆಯಲ್ಲೇ. ಮಾರನೆಯ ದಿನ ಮಷೀನಿನ ಮುಂದೆ ಕೂತಾಗ ಆ ಹಳೆಯ ಮಾತುಗಳು ಬರಲಿಲ್ಲ. "ಕಾರಣ ತಿಳಿಯದು" ಎಂಬುದು ತುಳಿಯುವ ತಾಳಕ್ಕೆ ಕೂರುವುದಿಲ್ಲ. ನೋವು ಕಡಿಮೆಯಾಯಿತು ಎಂದು ಬರೆದರೆ ಸುಳ್ಳು. ಆದರೆ ಸಾಯಂಕಾಲ ಮನೆಗೆ ಬಂದು ಅನ್ನ ಉಂಡೆ, ಬಡಿಸಿದ್ದಷ್ಟೂ. ಎಲ್ಲರೂ ಅಲ್ಲ ಅಂದಾಗ ನಂಬಿಕೆ ಬರಲಿಲ್ಲ. ನೀನು ಗೊತ್ತಿಲ್ಲ ಅಂದೆ. ಅದನ್ನು ನಂಬಬಹುದು.

ನನ್ನ ಅಮ್ಮನ ವಿಷಯದಲ್ಲಿ ನೆಂಟರು ಅಂದದ್ದು ನನಗೆ ಗೊತ್ತಿತ್ತು. ಏಳನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಮನೆಯವರು ಹೇಳಿದ್ದರು. ನೀನು ಅಷ್ಟು ಕಷ್ಟಪಟ್ಟು ಕಾಯುತ್ತಿದ್ದೆ, ಗೊತ್ತಾಗಿದೆ ಅಂದರೆ ಬೇಜಾರು ಮಾಡಿಕೊಳ್ಳುತ್ತೀಯ ಎಂದು ಗೊತ್ತಿಲ್ಲದ ಹಾಗೇ ಇದ್ದೆ.

ನೀನು ಕೇಳಿದ್ದು. ಇವರಿಗೆ ನೋಡಲಾಗಲಿಲ್ಲ, ಗೋಡೆಗೆ ಮುಖ ಮಾಡಿ ನಿಂತಿದ್ದರು. ನನ್ನೊಬ್ಬಳ ಕೈಗೆ ಕೊಟ್ಟಿದ್ದರು, ಹನ್ನೊಂದು ನಿಮಿಷ. ಎದುರಿಗೆ ಗಡಿಯಾರವಿತ್ತು. ಒಂದೂಕಾಲು ಕಿಲೋ. ತಲೆ ತುಂಬ ಕೂದಲು, ಒದ್ದೆಯಾಗಿ ಹಣೆಗೆ ಅಂಟಿತ್ತು, ನಾನು ಪಕ್ಕಕ್ಕೆ ಸರಿಸಿದೆ. ಹುಬ್ಬು ಇವರದು. ಯಾವುದೋ ಯೋಚನೆಯಲ್ಲಿದ್ದವಳ ಹಾಗೆ ಕೆಳತುಟಿ ಸ್ವಲ್ಪ ಮುಂದಿತ್ತು. ಕೈ ಎರಡೂ ಮುಷ್ಟಿ ಕಟ್ಟಿತ್ತು. ಬಲಗೈಯನ್ನು ಬಿಡಿಸಿ ನೋಡಿದೆ. ಉಗುರು ಪೂರ್ತಿ ಬೆಳೆದಿದ್ದವು. ಕಿರುಬೆರಳು ತುದಿಯಲ್ಲಿ ಒಳಕ್ಕೆ ಬಾಗಿತ್ತು.

ನನ್ನದು ನೆಟ್ಟಗಿದೆ. ಇವರದೂ ನೆಟ್ಟಗಿದೆ. ಅದು ನಿನ್ನ ಬೆರಳು.

ಅದನ್ನು ಬರೆದರೆ, ಇನ್ನು ಮೇಲೆ ನೀನು ಚಿಮಟ ಹಿಡಿದು ಎಣಿಸಲು ಕೂತಾಗಲೆಲ್ಲ ನಿನ್ನ ಕೈಯನ್ನೇ ನೋಡುತ್ತೀಯ ಎಂದು ಬರೆದಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಆ ಹನ್ನೊಂದು ನಿಮಿಷದಲ್ಲಿ ಹೆಚ್ಚು ಹೊತ್ತು ನಾನು ಆ ಬೆರಳನ್ನೇ ಹಿಡಿದುಕೊಂಡಿದ್ದೆ, ಚಿಕ್ಕಮ್ಮ.